ನೀಲಿ ದಾರದ ತಾರೀಖು

ಹೆಸರು ಕಲೀಂ ಬಿನ್ ಮಸ್ತಾನ್ ಸಾಬ್, ವಯಸ್ಸು 45 ವರ್ಷ, ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಕಸುಬು, ವಾಸ ಹಳೇ ಸಂತೆ ಓಣಿ, ಸೊರಬ ಟೌನ್. ಈ ದಿನ ದಿನಾಂಕ 20-11-2025ರಂದು ಮಧ್ಯಾಹ್ನ 12-30 ಗಂಟೆಗೆ ಠಾಣೆಗೆ ಹಾಜರಾಗಿ, ಕಾಣೆಯಾಗಿರುವ ನನ್ನ ಮಗಳು ಅಂಬರೀನ್ ವಿಚಾರವಾಗಿ ಈ ಮೂಲಕ ಬರೆಯಿಸಿ ತಿಳಿಸುವುದೇನೆಂದರೆ,

ಅಂಬರೀನ್ ನನಗೂ ನನ್ನ ಮೊದಲ ಹೆಂಡತಿ ಆಸ್ಮಾಳಿಗೂ ಒಬ್ಬಳೇ ಮಗಳು. ಆಗ ನಾವು ಶಿಕಾರಿಪುರದಲ್ಲಿದ್ದೆವು. 14-3-2008ರ ಶುಕ್ರವಾರ ನಾನು ಮಸೀದಿಯಿಂದ ಬರುವಷ್ಟರಲ್ಲಿ ಮನೆಯಲ್ಲೇ ಹೆರಿಗೆಯಾಗಿತ್ತು. ಹೆರಿಗೆ ಮಾಡಿಸಿದ ಪಕ್ಕದ ಮನೆಯ ಬಸಕ್ಕ ಈಗ ಬದುಕಿಲ್ಲ. ಜನನ ಬರೆಸಲು ನಾಳೆ ಹೋದರಾಯಿತು ಎಂದುಕೊಂಡು ನಾನು ಹೋಗಲೇ ಇಲ್ಲ. ಅದೇ ಸಂಜೆ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಹಾಸಿಗೆ ಹೊಲಿದೆ. ನಾನು ಹೊಲಿದ ಪ್ರತಿ ಹಾಸಿಗೆಯ ಮೂಲೆಗೂ ನೀಲಿ ದಾರದಲ್ಲಿ ತಾರೀಖು ಹಾಕುತ್ತೇನೆ. ಇಲ್ಲದಿದ್ದರೆ ಗಿರಾಕಿಗಳು ಆರು ವರ್ಷ ಮಲಗಿ ಎದ್ದು, ಹೋದ ವರ್ಷ ಹೊಲಿಸಿದ್ದು ಆಗಲೇ ಗಂಟುಗಟ್ಟಿದೆ ಎಂದು ಜಗಳಕ್ಕೆ ಬರುತ್ತಾರೆ. ಕೂಸಿನ ಹಾಸಿಗೆಗೂ 14-3-08 ಎಂದು ಹಾಕಿದೆ.

2013ರ ಜೂನ್‌ನಲ್ಲಿ ಓಣಿಯ ಮಕ್ಕಳು ಶಾಲೆಗೆ ಹೋಗುವುದನ್ನು ನೋಡಿ ಅಂಬರೀನ್ ತಾನೂ ಹೋಗುತ್ತೇನೆಂದು ಮೂರು ದಿನ ಅತ್ತಳು. ಹೆಗಲ ಮೇಲೆ ಕೂರಿಸಿಕೊಂಡು ಕರೆದೊಯ್ದೆ. ವಯಸ್ಸು ಸಾಲದು, ಮುಂದಿನ ವರ್ಷ ಬನ್ನಿ ಎಂದರು. ಆರು ತುಂಬಿದೆ, ಮಗು ಸಣಕಲು ಅಷ್ಟೇ ಎಂದು ಹೇಳಿ, ಹುಟ್ಟಿದ ದಿನ 1-6-2007 ಎಂದು ಬರೆಸಿ ಸಹಿ ಮಾಡಿದೆ. ನಮ್ಮ ಕಡೆ ಜೂನ್ ಒಂದಕ್ಕೆ ಹುಟ್ಟಿದವರಿಗೆ ಲೆಕ್ಕವಿಲ್ಲ, ಶಾಲೆಯ ಪ್ರಕಾರ ನಾನೂ ಅದೇ ದಿನ ಹುಟ್ಟಿದವನು. ಬರುವಾಗ ಅವಳು ಹೆಗಲ ಮೇಲೆ ಕೂರದೆ ನಡೆದುಕೊಂಡೇ ಬಂದಳು, ಇನ್ನು ತಾನು ದೊಡ್ಡವಳಂತೆ.

2017ರಲ್ಲಿ ನಾನೂ ಆಸ್ಮಾಳೂ ಬೇರೆಯಾದೆವು. ಆಸ್ಮಾ ನನ್ನನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದಳು. ಮಗಳಿಗೆ ಹದಿನೆಂಟು ತುಂಬುವವರೆಗೆ ತಿಂಗಳಿಗೆ ಇಷ್ಟು ಜೀವನಾಂಶ ಕೊಡಬೇಕೆಂದು ಆದೇಶವಾಯಿತು. ಆಸ್ಮಾ ಮಗಳೊಂದಿಗೆ ಶಿಕಾರಿಪುರದಲ್ಲೇ ಉಳಿದಳು. ನಾನು ಸೊರಬಕ್ಕೆ ಬಂದು ಅಂಗಡಿ ಹಾಕಿ ಇನ್ನೊಂದು ಮದುವೆಯಾದೆ. ಹಣ ಒಂದು ತಿಂಗಳೂ ತಪ್ಪಿಸಲಿಲ್ಲ. ಮಗಳನ್ನು ನೋಡಲು ಒಂದು ಸಲವೂ ಹೋಗಲಿಲ್ಲ.

ಶಾಲೆಯ ದಾಖಲೆಯಂತೆ 1-6-2025ಕ್ಕೆ ಅವಳಿಗೆ ಹದಿನೆಂಟು ತುಂಬಿತು. ಆ ತಿಂಗಳಿಂದ ನಿಲ್ಲಿಸಿದೆ. ಕೈಯಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸ್ಮಾಳ ಮೇಲಿನ ಸಿಟ್ಟಿಗೆ ನಿಲ್ಲಿಸಿದೆ. ಆಗಸ್ಟ್‌ನಲ್ಲಿ ಆಸ್ಮಾ ಫೋನ್ ಮಾಡಿ, ಮಗಳು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಳೆ, ಓದು ಮುಗಿಯುವವರೆಗಾದರೂ ಕೊಡಿ ಎಂದು ಕೇಳಿದಳು. ಆದೇಶದಲ್ಲಿ ಹದಿನೆಂಟು ಎಂದಿದೆಯೇ ಹೊರತು ಡಿಪ್ಲೊಮಾ ಎಂದಿಲ್ಲ ಎಂದು ಹೇಳಿ ಫೋನ್ ಇಟ್ಟೆ.

18-11-2025ರ ಮಂಗಳವಾರ ಬೆಳಿಗ್ಗೆ 11-20ಕ್ಕೆ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಗುಡವಿಯ ಹೂವಮ್ಮ ಎಂಬುವರು ದಿಂಬು ಒಯ್ಯಲು ಬಂದು ಕೂತಿದ್ದರು. ನಾನು ಹುಡುಗಿಯನ್ನು ಗಿರಾಕಿ ಎಂದುಕೊಂಡು, ಸಿಂಗಲ್ ಬೇಕೋ ಡಬಲ್ ಬೇಕೋ ಎಂದು ಕೇಳಿದೆ. ಅವಳು ತನ್ನ ಹೆಸರು ಹೇಳಿದಳು. ಎತ್ತರ ಐದು ಅಡಿ ಒಂದು ಅಂಗುಲ. ಅಳೆದಿಲ್ಲ, ಆದರೆ ನನ್ನ ಕಣ್ಣಿನ ಅಳತೆ ತಪ್ಪುವುದಿಲ್ಲ. ಹಸಿರು ಚೂಡಿದಾರ, ಕಪ್ಪು ದುಪಟ್ಟಾ, ಬೂದು ಬಣ್ಣದ ಬ್ಯಾಗು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿದೆ. ಅದು ಮೂರನೇ ವರ್ಷದಲ್ಲಿ ನನ್ನ ಹೊಲಿಗೆ ಮಿಷನ್ನಿನ ಅಂಚು ತಾಗಿ ಆದದ್ದು.

ಪರೀಕ್ಷೆ ಫೀಸಿಗೆ ಅಂದೇ ಕೊನೆಯ ದಿನ ಎಂದು ತಿಳಿಸಿದಳು. ಅಮ್ಮನಿಗೆ ಹೇಳದೆ ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿನಲ್ಲಿ ಬಂದಿದ್ದೇನೆ ಎಂದಳು. ಬ್ಯಾಗಿನಿಂದ ಆ ಕೂಸಿನ ಹಾಸಿಗೆ ತೆಗೆದು ಕಟ್ಟೆಯ ಮೇಲಿಟ್ಟು, ಮೂಲೆ ತೋರಿಸಿ, "ಇದನ್ನ ಹೊಲ್ದೋರು ನೀವೇ ಅಲ್ವೇನಪ್ಪಾ? ನಂಗಿನ್ನೂ ಹದಿನೇಳೇ ಐತೆ" ಎಂದಳು.

ಶಾಲೆಯ ಕಾಗದದಲ್ಲಿ ಇದ್ದದ್ದೇ ವಯಸ್ಸು, ಹಾಸಿಗೆ ತೋರಿಸಿದರೆ ಕೋರ್ಟ್ ಕೇಳುವುದಿಲ್ಲ ಎಂದು ನಾನು ಹೇಳಿದೆ. ಅವಳು ಹಾಸಿಗೆಯನ್ನು ಸ್ವಲ್ಪ ಹೊತ್ತು ಸವರಿದಳು. "ಹಂಗಾದ್ರೆ ನಾನು ದೊಡ್ಡೋಳಾದೆ. ಇನ್ ಯಾರನ್ನೂ ಕೇಳೋದ್ ಬ್ಯಾಡ ಬಿಡಿ" ಎಂದು ಹೇಳಿ 11-40ಕ್ಕೆ ಇಳಿದು ಹೋದಳು. ಹಾಸಿಗೆ ಅಲ್ಲೇ ಉಳಿಯಿತು. ಬಸ್ ಸ್ಟ್ಯಾಂಡ್ ನನ್ನ ಅಂಗಡಿಯಿಂದ ಬಲಕ್ಕೆ 150 ಮೀಟರ್. ಅವಳು ಎಡಕ್ಕೆ ಹೋದಳು. ನೋಡಿದೆ, ಕರೆಯಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹೂವಮ್ಮನವರು ಬುದ್ಧಿ ಹೇಳಿದರು. ದಿಂಬಿಗೆ ಇನ್ನೂ ಅರ್ಧ ಗಂಟೆ ಬೇಕು ಎಂದು ನಾನು ಉತ್ತರ ಕೊಟ್ಟೆ.

ರಾತ್ರಿ 8-10ಕ್ಕೆ ಆಸ್ಮಾ ಫೋನ್ ಮಾಡಿ ಮಗಳು ಬಂದಿಲ್ಲ, ಮೊಬೈಲ್ ಸ್ವಿಚ್ ಆಫ್ ಆಗಿದೆ ಎಂದಳು. ಮಾರನೆಯ ದಿನ ಮಗಳ ಗೆಳತಿ ಮಧುಶ್ರೀಯನ್ನು ವಿಚಾರಿಸಿದಾಗ ಅಂಬರೀನ್ ಕಾಲೇಜಿಗೂ ಬಂದಿಲ್ಲ, ಫೀಸೂ ಕಟ್ಟಿಲ್ಲ ಎಂದು ತಿಳಿಯಿತು. ನಾನು ಅಂಗಡಿ ಮುಚ್ಚಿ ಬೈಕಿನಲ್ಲಿ ಸುಮಾರು 16 ಕಿ.ಮೀ. ದೂರದ ಗುಡವಿ ಪಕ್ಷಿಧಾಮಕ್ಕೆ ಹೋದೆ. ನಾಲ್ಕು ವರ್ಷದವಳಿದ್ದಾಗ ಹಕ್ಕಿ ತೋರಿಸಲು ಅವಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಅಂಥ ಹುಡುಗಿ ಬಂದಿಲ್ಲ ಎಂದು ಕಾವಲಿನವರು ಹೇಳಿದರು. ಆದರೂ ಕೆರೆ ಏರಿಯ ಮೇಲೆ ಎರಡು ಸಲ ನಡೆದೆ. ನೀರಿನ ಕಡೆ ನೋಡಲು ಧೈರ್ಯ ಬರಲಿಲ್ಲ.

ಈ ದಿನ ಆಸ್ಮಾಳೊಂದಿಗೆ ಠಾಣೆಗೆ ಬಂದೆ. ಹೇಳಿಕೆ ಬರೆದುಕೊಳ್ಳುತ್ತಿರುವ ಶಿವರಾಮ ಅವರು ಆಸ್ಮಾ ತಂದಿದ್ದ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ, ಹದಿನೆಂಟು ದಾಟಿದೆ, ಪ್ರಾಯದವಳು ಇಷ್ಟಪಟ್ಟು ಹೋಗಿದ್ದರೆ ಕೇಸಿನ ದಾರಿಯೇ ಬೇರೆ, ಅಪ್ರಾಪ್ತಳಾದರೆ ಬೇರೆ, ವಯಸ್ಸು ಎಷ್ಟೆಂದು ಬರೆಯಲಿ ಎಂದು ಕೇಳಿದರು. ನಾನು ಹದಿನೇಳು ಎಂದೆ. ಆಸ್ಮಾ ನನ್ನ ಕಡೆ ತಿರುಗಿ, "ಈಗ ನೆನಪಾತೇನ್ರೀ" ಎಂದಳು.

ಅಂಬರೀನ್‌ಗೆ ಈ ದಿನಕ್ಕೆ ಹದಿನೇಳು ವರ್ಷ ಎಂಟು ತಿಂಗಳು ಆರು ದಿನ. ಶಾಲೆಯಲ್ಲಿ ಸುಳ್ಳು ಬರೆಸಿದವನು ನಾನು. ಸುಳ್ಳೆಂದು ಗೊತ್ತಿದ್ದೂ ಜೀವನಾಂಶ ನಿಲ್ಲಿಸಿದವನೂ ನಾನೇ. ಅದಕ್ಕೆ ನನ್ನ ಮೇಲೆ ಯಾವ ಕ್ರಮ ಬಂದರೂ ಒಪ್ಪುತ್ತೇನೆ. ಆಕೆ ಇನ್ನೂ ಮಗು, ಮಗುವನ್ನು ಹುಡುಕುವಂತೆ ಹುಡುಕಿಕೊಡಬೇಕು. ವಯಸ್ಸಿಗೆ ನನ್ನಲ್ಲಿ ಬೇರೆ ಪುರಾವೆ ಇಲ್ಲದ ಕಾರಣ ಸದರಿ ಹಾಸಿಗೆಯನ್ನು ಹಾಜರುಪಡಿಸಿದ್ದೇನೆ. ಕೇಸು ಮುಗಿದ ಮೇಲೆ ಇದನ್ನು ನನ್ನ ಕೈಗೆ ಕೊಡುವುದು ಬೇಡ, ಅವಳ ಕೈಗೇ ಕೊಡಬೇಕಾಗಿ ವಿನಂತಿ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ತಾರೀಖುಗಳೂ ಈ ಸಲ ನಿಜ.

ಸ್ಥಳ: ಸೊರಬ
ದಿನಾಂಕ: 20-11-2025
(ಸಹಿ) ಕಲೀಂ, ಅಂಬರೀನ್‌ಳ ತಂದೆ