‘ನಾ’ ಅಂದಾಂವ

…ಇಲ್ಲ ಸುವರ್ಣಾ, ಪೂರಾ ಸುಳ್ಳ ಇದು! ಯಾಕ ನಗ್ತಿ? ನೋಡು ಟೀವ್ಯಾಗಿನ ಆ ಜಾಸೂಸನ್ನ, ಆ ಗೂಢಚಾರನ್ನ. ಎದಿಗಿ ಮೂರು ಗುಂಡು ಹೊಕ್ಕಾವ, ಇನ್ನಾ ಮಾತಾಡಾಕತ್ತಾನ. ಕಿಸೆದಾಗಿನ ಚೀಟಿ ತಗೀತಾನ, ದೇಶದ ಹೆಸರು ಹೇಳ್ತಾನ, ಹೆಂಡ್ತಿ ಹೆಸರು ಹೇಳ್ತಾನ… ಒಂದು ಗುಂಡು ಸಾಕು ತಂಗಿ, ಒಂದೇ ಒಂದು. ಮನಷ್ಯಾ ಜೋಳದ ಚೀಲ ಬಿದ್ದಂಗ ಬೀಳ್ತಾನ. ಬಾಯಾಗ ರಕ್ತ ತುಂಬಿ ಗುಳುಗುಳು ಅಂತದ. ಮಾತು ಎಲ್ಲಿಂದ ಬರಬೇಕು?

ಏನು? ಜಗದೇವಂದು ಕೇಳ್ತೀಯೇನು? ಅಯ್ಯ, ಅಂವಂದು ಬ್ಯಾರೆ. ನಿನ್ನ ಗಂಡಗ ನೋವಾಗಲಿಲ್ಲ ಅಂತ ಆವತ್ತೇ ಹೇಳೇನಲ್ಲ. ಗಡಿ ಆಚಿಂದ ಗುಂಡು ಬಂತು, ಕಣ್ಣು ಮುಚ್ಚಿದ. ಮುಗೀತು.

ಚಾ ಅಲ್ಲೇ ಇಡು, ಆರಲಿ. ಮಧ್ಯಾಹ್ನ ಒಂದೀಟು ಅಡ್ಡಾಗೂದು ಬಿಟ್ಟು ಇದನ್ನ ನೋಡ್ತೀಯಲ್ಲ! ಯುದ್ಧ ಮುಗದ ಮ್ಯಾಲಿನ ಕತಿ ಅಂತ. ಹಿಂಗಿರ್ತದೇನು ಮುಗದ ಮ್ಯಾಲ? ಇಸ್ತ್ರಿ ಮಾಡಿದ ಕೋಟು, ಕರೀ ಚಸ್ಮಾ, ಹೊಟೇಲಿನ್ಯಾಗ ಕುಂತು ಗುಟ್ಟಿನ ಮಾತು… ನಮ್ಮ ತೊಂಬತ್ತೊಂಬತ್ತರ ಯುದ್ಧ ಮುಗೀತು ಅಂತ ರೇಡಿಯೋದಾಗ ಹೇಳಿದ್ರು. ನಾವು ಇನ್ನಾ ಗುಡ್ಡದ ಮ್ಯಾಲ ಕಲ್ಲಿನ ಸಂದ್ಯಾಗಿಂದ ಹೆಣ ಎಳೀತಿದ್ವಿ. ಕೈ ಹಿಡದು ಜಗ್ಗಿದ್ರ ಕೈ ಅಷ್ಟೇ ಬರ್ತಿತ್ತು. ಯಾಕ ಮಾರಿ ತಿರುವಿದಿ? ಆತು ಬಿಡು, ಹೇಳಂಗಿಲ್ಲ. ಆದ್ರ ಇವರು ಯಾಕ ತೋರಿಸಂಗಿಲ್ಲ ಅಂತ ನನಗ ಸಿಟ್ಟು. ಯುದ್ಧ ಮುಗದ್ರ ಬಂದೂಕಿನ್ಯಾಗಿನ ಗುಂಡೂ ಮುಗೀತಾವೇನು? ಅಂಜಿಕಿ ಮುಗೀತದೇನು? ಇಲಿ ಓಡಿದ್ರೂ ಬಂದೂಕು ಎತ್ತುತಿದ್ವಿ.

ನೋಡು, ನೋಡು, ಪಹರೆದಾಂವ ಬಂದ. ‘ಯಾರು ನೀವು?’ ಅಂತ ಕೇಳ್ತಾನ, ಮದುವಿಗಿ ಬಂದ ಬೀಗರನ್ನ ಕೇಳಿದಂಗ! ಈ ಜಾಸೂಸ ನಕ್ಕೊಂತ ಪಾಸ್‌ವರ್ಡ್ ಹೇಳ್ತಾನ. ಥೂ… ಹೊತ್ತು ಹುಟ್ಟೂ ಮುಂದ, ಬಿಳೀ ಮಂಜಿನ್ಯಾಗ, ಹಲ್ಲು ಕಟಕಟ ಅನ್ನೂ ಮನಷ್ಯಾಗ ಪಾಸ್‌ವರ್ಡ್ ಎಲ್ಲಿ ನೆನಪಿರ್ತದ? ಆವತ್ತು ಯಾವುದೋ ಹೂವಿನ ಹೆಸರಿಟ್ಟಿದ್ರು. ನೆನಪಾಗಲಿಲ್ಲ ಅಂವಗ. ‘ಪಾಸ್‌ವರ್ಡ್ ಮಾಲೂಮ್ ಹೈ?’ ಗೊತ್ತದೇನು ಅಂತ ಒದರಿದ್ರ ‘ನಾ… ನಾ…’ ಅಂದ. ಅಷ್ಟೇ. ನಮ್ಮ ಮಾತಿನ್ಯಾಗ ನಾ ಅಂದ್ರ ನಾನು. ಹಿಂದಿಯಾಗ ನಾ ಅಂದ್ರ ಇಲ್ಲ. ಆ ಒಂದು ಅಕ್ಷರಕ್ಕ ಗುಂಡು ಹಾರಿತು. ಗಂಟಲ ಹರಕೊಂಡು ಹೋತು. ಎರಡೂ ಕೈಲೆ ಕುತ್ತಿಗಿ ಒತ್ತಿ ಹಿಡದ್ರೂ ಬೆರಳ ಸಂದ್ಯಾಗಿಂದ ಬಿಸಿ ಬಿಸಿ ರಕ್ತ…

ಟೀವಿ ಯಾಕ ಬಂದ್ ಮಾಡ್ದಿ?

ಯಾರದಂದ್ರ… ಯಾರದೋ ಹುಡುಗಂದು. ಬ್ಯಾರೆ ಕಂಪನಿದಾಂವ. ಹಂಗ ನೋಡಬ್ಯಾಡ ತಂಗಿ. ಹೌದು, ನಾನೇ ಹೇಳಿದ್ದೆ. ಆ ಗುಡ್ಡದ ಮ್ಯಾಲ ಕನ್ನಡದವರು ಇಬ್ಬರೇ ಇದ್ವಿ. ನಾ, ಹಿರೋಳ್ಳಿ ಧರ್ಮರಾಜ; ಇನ್ನೊಬ್ಬ ಜೇವರ್ಗಿ ಜಗದೇವ.

ಹೌದು, ಜಗದೇವನೇ. ಗಡಿ ಆಚಿಂದ ಬಂದಿದ್ದಿಲ್ಲ ಆ ಗುಂಡು. ನಿನಗೂ ಸುಳ್ಳ ಹೇಳಿದೆ, ಮ್ಯಾಲಿನವರಿಗೂ ಸುಳ್ಳ ಹೇಳಿದೆ. ಹೊಡದಾಂವ ಉತ್ತರದ ಕಡೆಯಾಂವ, ಪಹರೆದಾಗಿದ್ದ. ಕನ್ನಡದ ಒಂದಕ್ಷರ ಬರ್ತಿದ್ದಿಲ್ಲ ಅಂವಗ. ಅಂವನ ತಪ್ಪಾದ್ರೂ ಏನು? ಈಗ ಅಂವನೂ ಸತ್ತಾನ. ನಾ ಬಾಜೂ ಬಂಕರಿನ್ಯಾಗ ಮಲಗಿದ್ದೆ, ಸಪ್ಪಳ ಕೇಳಿ ಓಡಿ ಬಂದೆ. ಇದ್ದದ್ದು ಇಷ್ಟೇ.

ಬೈ ಬೇಕಾದ್ರ. ಪಂಚಮಿಗಿ ತಂದ ಸೀರಿ ಎಲ್ಲಾ ಮಾರಿ ಮ್ಯಾಲ ಒಗಿ. ನಿನ್ನ ಮಗಳ ಮದುವ್ಯಾಗ ಸೋದರಮಾವ ಅಂತ ನಿಂತಾಂವ ನಾ, ನನ್ನ ಹೊಸ್ತಿಲದಾಚಿ ಹಾಕು. ಆದ್ರ ಏನರೆ ಅನ್ನು. ಏನರೆ ಅನ್ನು ಯವ್ವಾ…

ನೀ ಏನು ವಿಚಾರ ಮಾಡಾಕತ್ತಿ ಗೊತ್ತು ನನಗ. ಜಗದೇವ ಹಿಂದಿ ಮಂದಿ ಜೋಡಿ ಎಂದೂ ಕನ್ನಡ ಆಡ್ತಿದ್ದಿಲ್ಲ. ಉತ್ತರದಾಂವ ಕೇಳಿದ್ರ ಹಿಂದಿಯಾಗ ‘ಮೈಂ’ ಅಂತಿದ್ದ. ನಾ ಅಂತಿದ್ದಿಲ್ಲ.

ಆರು ವರ್ಷ ಮಿಲಿಟ್ರಿಯಾಗ, ಸುವರ್ಣಾ. ಹಿಂದಿಯಾಗ ಹುಕುಂ, ಹಿಂದಿಯಾಗ ಬೈಗಳ, ಕನಸೂ ಹಿಂದಿಯಾಗ. ಅಂಜಿಕಿಗಿ ನನ್ನ ಕಿವಿ ನಂದಾಗಿ ಉಳದಿದ್ದಿಲ್ಲ.

ಮಂಜಿನ್ಯಾಗ ಜಗದೇವಗ ಒದರಿದಾಂವನ ಮಾರಿ ಕಾಣಲಿಲ್ಲ. ದನಿ ಕೇಳಿಸ್ತು. ಅದು ನನ್ನ ದನಿ ಅಂತ ಗುರ್ತು ಸಿಕ್ಕಿದ್ದಕ್ಕೇ… ಕನ್ನಡದಾಗ ‘ನಾ’ ಅಂದ.