ಸಬ್‌ಮಿಟ್‌ಗೆ ಒಂದು ಕುರ್ಚಿ

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಸಮುದ್ರದ ಕಡೆಯಿಂದ ನುಗ್ಗಿದ ಗಾಳಿ ಮಾರ್ಶ್‌ಬರಿಯ ಹಲಗೆ ಗೋಡೆಗಳನ್ನು ಬಡಿದು ಬಡಿದು ಹೋಗುತ್ತಿತ್ತು. ವಿಧವೆ ರೋಡಾಳ ಅಡುಗೆಮನೆಯಲ್ಲಿ ನೆರೆಯ ಹೆಂಗಸರು ಒಲೆಯ ಸುತ್ತ ಕುಳಿತಿದ್ದರು. ಒಳಕೋಣೆಯಲ್ಲಿ ಮನೆಗೆಲಸದ ಹುಡುಗಿ ಲೊವಿಸ್ ಹೆರಿಗೆ ಬೇನೆ ತಿನ್ನುತ್ತಿದ್ದಳು. ಯಾರ ಮನೆಯಲ್ಲಿ ಬೇನೆ ಶುರುವಾದರೂ ಹೆಂಗಸರು ಸೇರಬೇಕು, ಬೇನೆಯ ಕೇಕು ಒಲೆಗೆ ಹೋಗಬೇಕು, ಬಸುರಿಯ ಬೆನ್ನು ತಿಕ್ಕುತ್ತಾ ಕೈ ಹಿಡಿದು ಕೂರಬೇಕು. ಅದು ಊರ ರೂಢಿ. ಈ ಸಲ ಕೇಕೇನೋ ಬೆಂದಿತ್ತು, ಹೆಂಗಸರನ್ನು ಮಾತ್ರ ಒಳಗೆ ಬಿಟ್ಟಿರಲಿಲ್ಲ. ಬಾಸ್ಟನ್ನಿನಲ್ಲಿ ಓದಿದ ಡಾಕ್ಟರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಅವರನ್ನು ಕಳಿಸಿದವರು ಯಾರೆಂದು ಕೇಳಿದರೆ ರೋಡಾ ಒಲೆಯ ಬೂದಿ ಕೆದಕುತ್ತಿದ್ದಳು.

ಲೊವಿಸ್‌ಗೆ ಗಂಡನಿಲ್ಲ. ಕೂಸಿನ ಅಪ್ಪ ಯಾರೆಂದು ಅವಳು ಇವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ. ಬಿಡದಿದ್ದರೆ ಕೂಸು ಊರಿನ ಪಾಲು. ಊರಿನ ಪಾಲಾದ ಮಕ್ಕಳನ್ನು ಊರಸಭೆಯಲ್ಲಿ ಹರಾಜಿಗೆ ನಿಲ್ಲಿಸುತ್ತಾರೆ, ಸಾಕುವುದಕ್ಕೆ ಅತಿ ಕಡಿಮೆ ಕೇಳಿದವನ ಕೈಗೆ ಕೊಡುತ್ತಾರೆ. ಕಡಿಮೆ ಕೇಳಿದವನು ಗಂಜಿಯನ್ನೂ ಕಡಿಮೆಯೇ ಹಾಕುತ್ತಾನೆಂಬುದು ಎಲ್ಲರಿಗೂ ಗೊತ್ತು.

ಎಲೆಕ್ಟಾ ಇಂಥ ಕಡೆಗೆ ಬಂದದ್ದು ಇದೇ ಮೊದಲು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ತಾನೂ ಬಸುರಿ. ಒಳಗಿನ ನರಳಾಟ ಕೇಳಿದಾಗಲೆಲ್ಲ ಅವಳ ಕೈ ತನ್ನ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಎಲ್ಲರ ಮನಸ್ಸು ಬೇರೆಡೆಗೆ ತಿರುಗಲೆಂದು, ಪಾದ್ರಿಯ ಕಣ್ಣಿಗೆ ಬೀಳದಂತೆ ಶಾಲಿನೊಳಗೆ ಬಚ್ಚಿಟ್ಟು ತಂದಿದ್ದ ಕಾದಂಬರಿಯ ಕೊನೆಯ ಪುಟಗಳನ್ನು ಅವಳು ಓದಿ ಹೇಳಿದಳು. ಸೈನ್ಯದ ಅಧಿಕಾರಿಯನ್ನು ನಂಬಿ ಓಡಿಹೋದ ಹುಡುಗಿ ಯಾವುದೋ ಊರಿನ ಛತ್ರದಲ್ಲಿ ಹೆತ್ತು ಸತ್ತಳು. ಅವನು ಬಂದು ಗೋರಿಯ ಮೇಲೆ ಬಿದ್ದು ಅತ್ತ. ಹೆಂಗಸರೆಲ್ಲ ಮೂಗು ಒರೆಸಿಕೊಂಡರು.

ಒರೆಸಿಕೊಳ್ಳದೆ ಉಳಿದವಳು ಥ್ಯಾಂಕ್‌ಫುಲ್ ಅಜ್ಜಿ ಒಬ್ಬಳೇ. ಒಳಕೋಣೆಯ ಬಾಗಿಲಿಗೆ ಒತ್ತಿ ಹಾಕಿದ ಕುರ್ಚಿಯಲ್ಲಿ ಕುಳಿತು ಕೇಕು ಮೆಲ್ಲುತ್ತಿದ್ದಳು. ಅವಳ ಪಕ್ಕ ಇನ್ನೊಂದು ಕುರ್ಚಿ ಖಾಲಿ ಇತ್ತು. ಎಲೆಕ್ಟಾ ಬಂದೊಡನೆ ಅಲ್ಲಿ ಕೂರಲು ಹೋದಾಗ ಅಜ್ಜಿ, "ಅಲ್ಲಿ ಬೇಡ ಮಗಾ, ಅದಕ್ಕೆ ಜನ ಇದ್ದಾರೆ," ಎಂದಿದ್ದಳು. ಆ ಜನ ಇನ್ನೂ ಬಂದಿರಲಿಲ್ಲ.

"ಮುಗೀತಾ?" ಎಂದಳು ಅಜ್ಜಿ.

"ಮುಗೀತು ಅಜ್ಜಿ. ಪಾಪ, ಅವನು ಎಷ್ಟು ಅತ್ತ ಅಂತೀರಿ!"

"ಅಳದೆ ಏನು? ಅವಳ ಬಾಯಿ ಮುಚ್ಚಿತಲ್ಲ, ನೆಮ್ಮದಿಯಾಗಿ ಅತ್ತ. ನಿಮ್ಮ ಪುಸ್ತಕ ಬರೆಯೋರಿಗೆ ಹೆಣ್ಣು ಸತ್ತರೇ ಅನುಕೂಲ ಕಣೇ. ಕಲ್ಲು ನೆಡ್ತಾರೆ, ಕಣ್ಣು ಒರೆಸ್ಕೋತಾರೆ, ಊಟಕ್ಕೆ ಏಳ್ತಾರೆ. ಸತ್ತ ಮೇಲೆ ಅವಳು ಏನು ಮಾಡಿದಳು ಅಂತ ಯಾರಾದರೂ ಬರೀತಾರಾ?"

"ಸತ್ತ ಮೇಲೆ ಏನು ಮಾಡ್ತಾಳೆ ಅಜ್ಜಿ?"

ಅಜ್ಜಿ ಬಾಗಿಲಿನ ಕಡೆ ತಿರುಗಿ ಕುಳಿತಳು. ಅವಳ ದನಿ ಎದುರಿಗಿದ್ದವರಿಗಿಂತ ಬಾಗಿಲ ಹಲಗೆಗೇ ಹೆಚ್ಚು ಕೇಳುವಂತಿತ್ತು.

"ಹೇಳ್ತೀನಿ, ಹತ್ತಿರ ಬನ್ನಿ. ರೋಡಾ, ಆ ಬೂದಿ ಬಿಡು, ಕೇಳು. ಸಮುದ್ರದಾಚೆ ರಾಜನ ಜೊತೆ ಯುದ್ಧ ಮುಗಿದಿತ್ತು, ಗೆದ್ದು ಬಂದೋರೆಲ್ಲ ಬೆಳ್ಳಿ ಗುಂಡಿಯ ಕೋಟು ಹಾಕ್ಕೊಂಡು ತಿರುಗೋ ಕಾಲ ಅದು. ನಮ್ಮೂರಲ್ಲಿ ಒಬ್ಬಳಿದ್ದಳು, ಸಬ್‌ಮಿಟ್ ಟಾರ್ಬೆಲ್ ಅಂತ. 'ತಗ್ಗಿ ನಡಿ' ಅಂತ ಹೆಸರಲ್ಲೇ ಬರೆದಿಟ್ಟಿದ್ದ ಅವಳಪ್ಪ. ಹುಡುಗಿ ತಗ್ಗಿಯೇ ನಡೀತಿದ್ದಳು, ದನಿ ಒಂದು ಬಿಟ್ಟು. ಭಾನುವಾರ ಚರ್ಚಿನ ಅಟ್ಟದಲ್ಲಿ ನಿಂತು ಹಾಡು ಎತ್ತಿಕೊಟ್ಟಳು ಅಂದರೆ, ಬಂದರಿನಲ್ಲಿ ಹಗ್ಗ ಸುತ್ತೋರು ಕೈ ನಿಲ್ಲಿಸ್ತಿದ್ದರಂತೆ. ಆ ದನಿ ಮೇಜರ್ ಆಂಬ್ರೋಸ್ ಥಾರ್ಲಿ ಅನ್ನೋನ ಕಿವಿಗೆ ಬಿತ್ತು. ಅವನೋ... ಮಾತಾಡಿದರೆ ಕಲ್ಲಿಗೂ ಬೆಣ್ಣೆ ಹತ್ತಬೇಕು, ಅಂಥೋನು. ಹಡಗಿನ ಸಾಹುಕಾರನ ಮಗಳ ಜೊತೆ ಅವನ ಮದುವೆ ಮಾತು ನಡೀತಾ ಇತ್ತು, ಇವಳ ಹತ್ತಿರ ಬಂದು 'ನೀನೇ ನನ್ನ ಹೆಂಡತಿ, ದೇವರು ನೋಡ್ತಿದ್ದಾನೆ' ಅಂದ. ದೇವರು ನೋಡ್ತಾನೇ ಇದ್ದ, ಸರಿ. ಆದರೆ ದೇವರು ಸಾಕ್ಷಿ ಹೇಳೋಕೆ ಬರ್ತಾನಾ?

"ಹೊಟ್ಟೆ ಕಾಣಿಸಿಕೊಂಡಿತು. ಆಗ ಒಂದು ಕಾನೂನಿತ್ತು ಕಣ್ರೇ, ನಿಮಗೆ ಗೊತ್ತಿರಲಿಕ್ಕಿಲ್ಲ, ತೆಗೆದುಹಾಕಿಲ್ಲ, ಮರೆಸಿಬಿಟ್ಟಿದ್ದಾರೆ ಅಷ್ಟೇ. ಗಂಡನಿಲ್ಲದೋಳು ಹೆರುವಾಗ, ಬೇನೆ ಇನ್ನಿಲ್ಲ ಅನ್ನೋ ಅಷ್ಟು ಏರಿದಾಗ, ಸೂಲಗಿತ್ತಿ ಅವಳ ಕಿವಿ ಹತ್ತಿರ ಬಗ್ಗಿ ಕೇಳಬೇಕು, 'ಕೂಸು ಯಾರದಮ್ಮಾ?' ಅಂತ. ಸಾವಿನ ಬಾಗಿಲಲ್ಲಿ ನಿಂತೋಳು ಸುಳ್ಳು ಹೇಳಲ್ಲ. ಆಗ ಬಂದ ಹೆಸರನ್ನ ಸುತ್ತ ನಿಂತ ಹೆಂಗಸರು ಕೇಳಿಸಿಕೊಂಡರೆ ಸಾಕು, ನ್ಯಾಯಾಧೀಶನಾದರೂ ಒಪ್ಪಲೇಬೇಕು. ಆ ಗಂಡಸು ಕೂಸನ್ನ ಸಾಕಲೇಬೇಕು. ಮೇಜರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಏನು ಮಾಡಿದ ಹೇಳಿ?... ಊರಾಚೆ ಛತ್ರದಲ್ಲಿ ಅವಳಿಗೊಂದು ಕೋಣೆ ಹಿಡಿದ. ಸೂಲಗಿತ್ತಿ ಮೆಹಿಟಬಲ್‌ಗೆ ಸುದ್ದಿ ಮುಟ್ಟದ ಹಾಗೆ ಮಾಡಿದ. ಪಟ್ಟಣದಿಂದ ಡಾಕ್ಟರನ್ನ ಕರೆಸಿದ. 'ಎಂಥ ದೊಡ್ಡ ಮನಸ್ಸು!' ಅಂತ ಛತ್ರದೋನು ಹೊಗಳಿದ. ಅಲ್ಲವಾ? ಆದರೆ ಡಾಕ್ಟರು ನಾಡಿ ನೋಡ್ತಾರೆ, ನಾಲಿಗೆ ನೋಡ್ತಾರೆ... ಆ ಪ್ರಶ್ನೆ ಕೇಳಲ್ಲ."

ಒಳಗೆ ಲೊವಿಸ್ ಕೂಗಿದಳು. ಕೂಗು ಕಡಿದು, ಮಳೆಯ ಸದ್ದು ಮತ್ತೆ ಮೇಲೆ ಬಂತು. ಹೆಂಗಸರು ಚಿಲಕ ಹಾಕಿದ ಬಾಗಿಲನ್ನೇ ನೋಡಿದರು. ರೋಡಾ ತಲೆ ತಗ್ಗಿಸಿದಳು.

"ಸಬ್‌ಮಿಟ್ ಸತ್ತಳು," ಎಂದಳು ಅಜ್ಜಿ. "ಹೇಳೋಕೆ ಬಾಯಿ ತೆರೆದಿದ್ದಳಂತೆ, ಕೇಳೋರೇ ಇಲ್ಲ. ಹೆಸರು ಗಂಟಲಲ್ಲೇ ಉಳೀತು. ಕೂಸು ಬದುಕಿತು. ಹೆಣ್ಣು. ಮಾರ್ಚಿ ತಿಂಗಳ ಊರಸಭೆಯಲ್ಲಿ ಹರಾಜಿಗೆ ಅಂತ ನಿಕ್ಕಿಯಾಯಿತು, ಅಲ್ಲಿವರೆಗೆ ಮೆಹಿಟಬಲ್ ಇಟ್ಟುಕೊಳ್ಳಲಿ ಅಂದರು. ಮೇಜರ್ ಆ ಸಾಹುಕಾರನ ಮಗಳು ಸೊಫ್ರೋನಿಯಾನ ಅಷ್ಟರಲ್ಲಾಗಲೇ ಮದುವೆಯಾಗಿ, ಅವಳನ್ನೂ ಬಸುರಿ ಮಾಡಿ, ಚರ್ಚಿನ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ನಿಮ್ಮ ಪುಸ್ತಕ ಇಲ್ಲಿಗೆ ಮುಗಿಯುತ್ತೆ. ನಮ್ಮೂರಲ್ಲಿ ಮುಗೀಲಿಲ್ಲ.

"ಅದೇ ಚಳಿಗಾಲ, ಪೀಪಾಯಿ ಮಾಡೋನ ಹೆಂಡತಿ ಜೆರೂಶಾಗೆ ಹೆರಿಗೆ. ಮದುವೆಯಾದೋಳು, ಅವಳನ್ನ ಯಾರು ಏನು ಕೇಳ್ತಾರೆ? ಬೇನೆ ಏರಿತು... ಜೆರೂಶಾ ಬಾಯಿ ತೆರೆದಳು... ಬಂತು ನೋಡಿ ಗಂಟೆ ಹೊಡೆದ ಹಾಗೆ, 'ಆಂಬ್ರೋಸ್ ಥಾರ್ಲಿ!' ಹೊರಗೆ ನಿಂತಿದ್ದ ಗಂಡ ಕೇಳಿಸಿಕೊಂಡ. ಕೊಡತಿ ಎತ್ತಿಕೊಂಡು ಹೋಗಿ ಮೇಜರ್ ಮನೆ ಕಿಟಕಿ ಗಾಜೆಲ್ಲ ಪುಡಿ ಮಾಡಿದ. ಜೆರೂಶಾ ಗೋಳೋ ಅಂತ ಅತ್ತಳು, 'ನಾನು ಹೇಳಲಿಲ್ಲ, ನನ್ನ ಬಾಯಿ ಹೇಳಿತು!' ಆಮೇಲೆ ಚರ್ಚಿನ ಹಿರಿಯ ಡೀಕನ್‌ನ ಹೆಂಡತಿ. ನಡುವಯಸ್ಸಿನ ಯಮ್ಮ, ಮೇಜರ್ ಎದುರು ಬಂದರೆ ರಸ್ತೆ ದಾಟಿ ಆಚೆ ಹೋಗೋಳು. ಅವಳ ಬಾಯಲ್ಲೂ ಅದೇ ಹೆಸರು! ಆಮೇಲೆ ದೋಣಿಯೋನ ಹೆಂಡತಿ. ಊರಿಗೆ ಊರೇ ಎದ್ದು ಕೂತಿತು. 'ಯುದ್ಧದಲ್ಲೂ ಮೇಜರ್ ಇಷ್ಟು ಓಡಾಡಿರಲಿಲ್ಲ ಬಿಡಪ್ಪ' ಅಂತ ಹೆಂಡದಂಗಡಿಯಲ್ಲಿ ನಕ್ಕರು. 'ನಮ್ಮ ಹಸು ಈಯೋ ದಿನ ಬಂತು, ಅದರ ಬಾಯಿ ಕಟ್ಟಿಡ್ತೀನಿ, ಮರ್ಯಾದೆ ಪ್ರಶ್ನೆ' ಅಂದ ಒಬ್ಬ."

ಹೆಂಗಸರು ನಕ್ಕುಬಿಟ್ಟರು. ಎಲೆಕ್ಟಾ ಕೂಡ ನಕ್ಕಳು, ಆದರೆ ಖಾಲಿ ಕುರ್ಚಿಯಿಂದ ಅವಳು ಸ್ವಲ್ಪ ಸರಿದು ಕುಳಿತಳು.

"ನಗದೆ ಇದ್ದೋಳು ಮೆಹಿಟಬಲ್ ಒಬ್ಬಳೇ," ಅಜ್ಜಿ ಮುಂದುವರಿಸಿದಳು. "ಮೂರೂ ಹೆರಿಗೆಯಲ್ಲಿ ಅವಳ ಕೈಯೇ ಇತ್ತಲ್ಲ. ಹೆಂಗಸರು ಬೇರೆ ಬೇರೆ, ದನಿ ಒಂದೇ. ಎಲ್ಲಿಯ ದನಿ?... ಚರ್ಚಿನ ಅಟ್ಟದ ದನಿ! ಅವಳಿಗೆ ತಿಳೀತು, ಇದು ಬೈಗುಳ ಅಲ್ಲ, ಇದು ಉತ್ತರ. ಕೇಳಬೇಕಾದಾಗ ಯಾರೂ ಕೇಳಲಿಲ್ಲ, ಪಾಪ, ಸಿಕ್ಕ ಸಿಕ್ಕ ಬಾಯಲ್ಲಿ ಹೇಳ್ತಾ ತಿರುಗ್ತಾ ಇದ್ದಾಳೆ. ಹಾಗಾದರೆ ಕ್ರಮವಾಗಿ ಕೇಳಿಬಿಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು. ಆದರೆ ಊರಲ್ಲಿ ದಿನ ತುಂಬಿದೋಳು ಇನ್ನು ಒಬ್ಬಳೇ ಉಳಿದಿದ್ದಳು. ಯಾರು?... ಹೂಂ. ಸೊಫ್ರೋನಿಯಾ. ಮೇಜರ್‌ನ ಹೆಂಡತಿ. ಊರಸಭೆ ಬೇರೆ ಬಾಗಿಲಿಗೆ ಬಂದಿತ್ತು.

"ಮೇಜರ್ ಮತ್ತೆ ಡಾಕ್ಟರನ್ನ ಕರೆಸಿದ, ಹೆಂಗಸರು ಹೊಸಿಲು ತುಳಿಯಕೂಡದು ಅಂದ. ಆ ಸಾಹುಕಾರನ ಮಗಳಿದ್ದಳಲ್ಲ, ಅವಳು ದಡ್ಡಿ ಅಂತ ಅಂದುಕೊಂಡಿದ್ದ. ಒಡೆದ ಕಿಟಕಿ ಅವಳಿಗೂ ಕಾಣ್ತಿತ್ತು ತಾನೇ? ಹಾಸಿಗೆ ಮೇಲೆ ಎದ್ದು ಕೂತು, 'ನನಗೆ ಮೆಹಿಟಬಲ್ ಬೇಕು, ಹೆಂಗಸರೆಲ್ಲ ಬೇಕು. ಇದು ನಮ್ಮಪ್ಪ ಕಟ್ಟಿಸಿದ ಮನೆ, ಬಾಗಿಲು ತೆಗೀರಿ' ಅಂದಳು. ತೆಗೆದರು. ಹೆಂಗಸರು ಕೇಕು ಹಿಡಕೊಂಡು ಮೆಟ್ಟಿಲು ಹತ್ತಿದರು, ಮೇಜರ್ ಕೆಳಗೆ ನಿಂತ.

"ಬೇನೆ ಏರಿತು. ಮೆಹಿಟಬಲ್ ಬಗ್ಗಿದಳು, ಕೇಳಿದಳು, 'ಸಬ್‌ಮಿಟ್... ಮಗಳೇ... ಕೂಸು ಯಾರದಮ್ಮಾ?' ದೀಪ ಅಲುಗಲಿಲ್ಲ, ಗಾಳಿ ಬೀಸಲಿಲ್ಲ, ಅಂಥದ್ದೇನೂ ಆಗಲಿಲ್ಲ. ಸೊಫ್ರೋನಿಯಾಳ ಬಾಯಿಂದ, ತಣ್ಣಗೆ, ಹಾಡು ಎತ್ತಿಕೊಟ್ಟ ಹಾಗೆ ಬಂತು, 'ಈ ಕೂಸೂ ಆಂಬ್ರೋಸ್ ಥಾರ್ಲಿಯದು. ನನ್ನ ಕೂಸೂ ಅವನದೇ. ನಾನು ಸಬ್‌ಮಿಟ್ ಟಾರ್ಬೆಲ್. ಕೇಳಿದಿರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ.' ಮೆಟ್ಟಿಲ ಬುಡದಲ್ಲಿ ಮೇಜರ್ ದೊಪ್ಪನೆ ಕೂತ ಸದ್ದು ಎಲ್ಲರಿಗೂ ಕೇಳಿಸಿತು. ಮಗು ಸುಖವಾಗಿ ಹುಟ್ಟಿತು. ಸೊಫ್ರೋನಿಯಾ ಬೆವರು ಒರೆಸಿಕೊಂಡು ಅಂದಳಂತೆ, 'ಆ ಮಾತು ನನ್ನದಲ್ಲ. ಆದರೆ ನನ್ನ ಕಿವಿಗೂ ಬಿತ್ತು. ನನ್ನನ್ನೂ ಸಾಕ್ಷಿಗೆ ಸೇರಿಸಿಕೊಳ್ಳಿ.'

"ದೂರು ಕೋರ್ಟಿಗೆ ಹೋಯಿತು, ನ್ಯಾಯಾಧೀಶ ತಲೆ ಕೆರಕೊಂಡ. 'ಸತ್ತೋಳ ಮಾತಿಗೆ ಕಾನೂನಿಲ್ಲ' ಅಂದ. ಮೆಹಿಟಬಲ್ ಬಿಡ್ತಾಳಾ? 'ಬೇನೆಯಲ್ಲಿ ಬಂದ ಮಾತು ಸುಳ್ಳಲ್ಲ ಅಂತ ಕಾನೂನಿದೆಯೋ ಇಲ್ವೋ ಸ್ವಾಮಿ? ಯಾರ ಬಾಯಿಂದ ಬರಬೇಕು ಅಂತ ಬರೆದಿದ್ದರೆ ತೋರಿಸಿ.' ಬರೆದಿರಲಿಲ್ಲ! ಜೆರೂಶಾ ಎದ್ದು ನಿಂತಳು, ಡೀಕನ್‌ನ ಹೆಂಡತಿ ಎದ್ದು ನಿಂತಳು, ದೋಣಿಯೋನ ಹೆಂಡತಿ ಎದ್ದಳು, ಕೂಸನ್ನ ಎತ್ತಿಕೊಂಡು ಸೊಫ್ರೋನಿಯಾನೇ ಎದ್ದಳು. ಮೇಜರ್ ಒಪ್ಪಿಕೊಂಡ, ಒಪ್ಪದೆ ಏನು ಮಾಡ್ತಾನೆ? ಅಲ್ಲಿವರೆಗೆ ಇಂಥದಕ್ಕೆಲ್ಲ ಚರ್ಚಿನ ನಡುದಾರಿಯಲ್ಲಿ ನಿಂತು 'ತಪ್ಪಾಯಿತು' ಅನ್ನೋ ಪಾಡು ಬರೀ ಹೆಣ್ಣಿಗಿತ್ತು. ಆ ಭಾನುವಾರ ಬೆಳ್ಳಿ ಗುಂಡಿಯ ಕೋಟು ನಿಂತಿತು. ಅವನು ಹೇಳಿ ಮುಗಿಸಿದ, ಪಾದ್ರಿ ಹಾಡಿ ಅಂದರು... ಯಾರೂ ಬಾಯಿ ತೆರೆಯೋಕೆ ಮುಂಚೆ, ಅಟ್ಟದಲ್ಲಿ ಖಾಲಿ ಬಿದ್ದಿದ್ದ ಜಾಗದಿಂದ ಹಾಡು ಏರಿತು ನೋಡಿ! ಬಂದರಿನೋರು ಕೈ ನಿಲ್ಲಿಸಿದರು. ಕೆಳಗೆ ಹೆಂಗಸರೆಲ್ಲ ಎದ್ದು ನಿಂತು ದನಿಗೂಡಿಸಿದರು. ಗಂಡಸರೂ ಎದ್ದರು, ಕೂರೋಕೆ ಧೈರ್ಯ ಇರಲಿಲ್ಲ."

"ಕೂಸು?" ಎಲೆಕ್ಟಾ ಕೇಳಿದಳು. "ಹರಾಜಿಗೆ ಹೋಯಿತಾ ಅಜ್ಜಿ?"

"ಎಲ್ಲಿಯ ಹರಾಜು? ಮೇಜರ್ ಖರ್ಚಿನಲ್ಲಿ ಮೆಹಿಟಬಲ್ ಮಡಿಲಲ್ಲಿ ಬೆಳೀತು. ಈಗ ಹಲ್ಲು ಉದುರಿದೆ, ಆದರೂ ನಿಮ್ಮೆದುರು ಕೂತು ಕೇಕು ತಿಂತಾ ಇದೆ."

ರೋಡಾಳ ಕೈಯಿಂದ ಒಲೆಯ ಕಡ್ಡಿ ಜಾರಿತು. "ಲೂಸಿಯಸ್ ಗೇಜ್ ಕಳಿಸಿದ್ದು ಡಾಕ್ಟರನ್ನ," ಎಂದಳು ತಡವರಿಸುತ್ತ. "ಹೆಸರು ಹೇಳದಿದ್ದರೆ ಮದುವೆಯಾಗ್ತೀನಿ ಅಂತ ಲೊವಿಸ್‌ಗೆ ಮಾತು ಕೊಟ್ಟಿದ್ದಾನೆ..."

"ಗೊತ್ತು ಬಿಡು," ಎಂದಳು ಅಜ್ಜಿ. "ಕೋಟು ಬದಲಾಗಿದೆ, ಮಾತು ಅದೇ."

ಆಗ ಒಳಗೆ ಬೇನೆ ಏರಿತು. ಹಿಂದೆಂದೂ ಕೇಳದಂಥ ಕೂಗು. ಅದು ತುದಿ ಮುಟ್ಟಿ, ಒಮ್ಮೆಲೇ ನಿಂತಿತು. ಆ ಮೌನದಲ್ಲಿ ಲೊವಿಸಳ ಸ್ವಂತ ದನಿ, ಅಡುಗೆಮನೆಯಲ್ಲಿ ದಿನವೂ ಕೇಳುತ್ತಿದ್ದ ಅದೇ ಒರಟು ದನಿ, ಬಾಗಿಲು ದಾಟಿ ಬಂತು:

"ಲೂಸಿಯಸ್ ಗೇಜ್! ಕೂಸು ಲೂಸಿಯಸ್ ಗೇಜನದು! ಎಲ್ಲರೂ ಕೇಳಿಸಿಕೊಂಡಿರಾ?"

"ಕೇಳಿಸಿಕೊಂಡೆವು ಮಗಳೇ!" ಹೆಂಗಸರೆಲ್ಲ ಎದ್ದು ನಿಂತಿದ್ದರು. ಯಾವಾಗ ಎದ್ದೆನೆಂದು ಎಲೆಕ್ಟಾಗೇ ತಿಳಿಯಲಿಲ್ಲ. ಕಾದಂಬರಿ ಅವಳ ಮಡಿಲಿನಿಂದ ಬಿದ್ದು ಬೂದಿಯಲ್ಲಿತ್ತು. ಅದನ್ನು ಎತ್ತಿಕೊಳ್ಳಬೇಕೆನಿಸಲಿಲ್ಲ. ಒಳಗೆ ಕೂಸು ಅತ್ತಿತು, ಗಟ್ಟಿಯಾಗಿ, ಜಗಳಕ್ಕೆ ಬಂದ ಹಾಗೆ.

ಚಿಲಕ ಸರಿಯಿತು. ಡಾಕ್ಟರು ಹೊರಗೆ ಬಂದರು, ಮುಖ ಸುಣ್ಣವಾಗಿತ್ತು. "ತಾಯಿ ಮಗು ಚೆನ್ನಾಗಿದ್ದಾರೆ," ಎಂದರು. ಆಮೇಲೆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ನಾನು ಅವಳನ್ನ ಏನೂ ಕೇಳಲಿಲ್ಲ. ಕೇಳಬಾರದು ಅಂತಲೇ ನನಗೆ ಹೇಳಿದ್ದರು. ಹಾಸಿಗೆ ಪಕ್ಕ ಬಗ್ಗಿ ಕೇಳಿದ ಹೆಂಗಸು... ನಿಮ್ಮಲ್ಲಿ ಯಾರು? ಚಿಲಕ ಹಾಕಿತ್ತಲ್ಲ... ಹೇಗೆ ಬಂದಿರಿ?"

ಹೆಂಗಸರು ಅವರನ್ನು ಬದಿಗೆ ಸರಿಸಿ, ಕೇಕು ಹಿಡಿದು, ನಗುತ್ತ ಅಳುತ್ತ ಒಳಗೆ ನುಗ್ಗಿದರು. ಎಲೆಕ್ಟಾ ಮಾತ್ರ ಹಿಂದೆ ಉಳಿದಳು. ಅಜ್ಜಿ ಖಾಲಿ ಕುರ್ಚಿಯ ಬೆನ್ನನ್ನು ಸವರುತ್ತಿದ್ದಳು, ದಣಿದು ಬಂದವರ ಹೆಗಲು ಸವರುವಂತೆ.

"ಅವಳನ್ನ ಯಾರೂ ಕೇಳಲಿಲ್ಲ ನೋಡು," ಎಂದಳು ಮೆಲ್ಲಗೆ. "ಅದಕ್ಕೇ ಈಗ ಅವಳೇ ಕೇಳ್ತಾಳೆ. ಯಾವ ಮನೆಯಾದರೂ ಸರಿ, ಎಂಥ ಚಿಲಕವಾದರೂ ಸರಿ... ನಿನ್ನ ದಿನ ಮಾರ್ಚಿಗೆ ತುಂಬುತ್ತೆ ಅಲ್ವಾ ಮಗಾ?"

ಎಲೆಕ್ಟಾ ತಲೆಯಾಡಿಸಿದಳು.

"ನಿನಗೆ ಹೆದರಿಕೆ ಬೇಡ, ಗಂಡನಿದ್ದಾನೆ. ಆದರೂ ಒಂದು ಕುರ್ಚಿ ಹೆಚ್ಚಿಗೆ ಹಾಕಿಸು. ಬಂದೋಳು ನಿಂತೇ ಇರಬಾರದು, ನಮ್ಮಮ್ಮನಿಗೆ ಈಗ ವಯಸ್ಸಾಯಿತು."