ಎರಡು ಸಲ ತಟ್ಟಿದರೆ ಬಿಡಬೇಕು

ಮಾನ್ಯ ಅಧ್ಯಕ್ಷರೇ, ಈ ಸಮಾರಂಭಕ್ಕಾಗಿ ವಾರವಿಡೀ ಓಡಾಡಿದ ನಮ್ಮ ಸಂಘದ ಕಾರ್ಯದರ್ಶಿಗಳೇ, ಕರಾಟೆ, ಜೂಡೋ, ಕುಸ್ತಿ, ಬಾಕ್ಸಿಂಗ್ ಎಂದು ಬೇರೆ ಬೇರೆ ಸಾಲುಗಳಲ್ಲಿ ಬೇರೆ ಬೇರೆಯಾಗಿಯೇ ಕುಳಿತಿರುವ ಶಿಕ್ಷಕ ಬಂಧುಗಳೇ, ನೆಲದ ಮೇಲೆ ಬೆಲ್ಟ್ ಬಿಗಿದು ಕುಳಿತಿರುವ ಮಕ್ಕಳೇ, ಆ ಬೆಲ್ಟ್ ಯಾವಾಗ ಕಪ್ಪಾಗುತ್ತದೋ ಎಂದು ಕಾಯುತ್ತಿರುವ ತಂದೆತಾಯಿಗಳೇ, ಸಭಿಕರೇ,

ಮೂವತ್ತು ವರ್ಷ ಕರಾಟೆ ಕಲಿಸಿದೆ ಎಂದು ಈ ಫಲಕ ಕೊಟ್ಟಿದ್ದೀರಿ. ಕಾರ್ಯದರ್ಶಿಗಳು ಇವತ್ತು ನನಗೆ ಎರಡು ಕೆಲಸ ವಹಿಸಿದ್ದಾರೆ. ಹತ್ತು ನಿಮಿಷ ಮಾತಾಡುವುದು ಒಂದು. ಮಾತು ಮುಗಿದ ಮೇಲೆ, ಇಗೋ ಈ ಮೇಜಿನ ಮೇಲಿರುವ ಆದೇಶಕ್ಕೆ ನಿಮ್ಮೆಲ್ಲರ ಎದುರಿಗೆ ಸಹಿ ಹಾಕುವುದು ಇನ್ನೊಂದು. ಪ್ರಮಾಣಪತ್ರವಿಲ್ಲದೆ ಕಲಿಸುತ್ತಿರುವ ಒಬ್ಬ ಮನುಷ್ಯನ ತರಗತಿಗೆ ನಾಳೆಯಿಂದ ಬೀಗ ಹಾಕುವ ಆದೇಶ ಅದು. ಅರ್ಹತಾ ಸಮಿತಿಯ ಮುಖ್ಯಸ್ಥ ನಾನು. ಅದರ ನಿಯಮಗಳನ್ನು ಬರೆದವನೂ ನಾನೇ.

ಯಾವ ವಿದ್ಯೆ ದೊಡ್ಡದು? ಈ ಪ್ರಶ್ನೆಯನ್ನು ನನಗೆ ಕೇಳದ ತಂದೆತಾಯಿಗಳಿಲ್ಲ. ಕರಾಟೆಯವರು ಒಂದೇ ಏಟು ಸಾಕು ಅನ್ನುತ್ತಾರೆ. ಹತ್ತಿರ ಬಂದರೆ ತಾನೆ ಏಟು, ಎಂದು ಜೂಡೋದವರು. ನೆಲಕ್ಕೆ ಬಿದ್ದ ಮೇಲೆ ನೋಡೋಣ, ಎಂದು ಕುಸ್ತಿಯವರು. ಬಾಕ್ಸಿಂಗಿನವರು ಏನೂ ಅನ್ನುವುದಿಲ್ಲ, ಸುಮ್ಮನೆ ನಗುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದರಲ್ಲಿ ತಪ್ಪಿಲ್ಲ.

ಆದರೆ ಕಲಿಸುವವನು ಯಾರು? ಅವನಿಗೆ ಕಲಿಸಿದವರು ಯಾರು? ಸಮಿತಿಯ ತಪಾಸಣೆಯಲ್ಲಿ ಒಬ್ಬ ಮಹಾಶಯರನ್ನು ಕಂಡೆ. ಶೈಲಿ ಹುಟ್ಟಿಸಿದವರು ಅವರೇ, ಪರೀಕ್ಷಕರು ಅವರೇ, ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವರೂ ಅವರೇ! ನಗಿ, ನಗಿ. ನಾನೂ ನಕ್ಕಿದ್ದೆ.

ಈ ಆದೇಶದಲ್ಲಿರುವ ಮನುಷ್ಯ ಅಷ್ಟೂ ಮಾಡಿಲ್ಲ. ಲಿಫ್ಟ್ ರಿಪೇರಿ ಅವನ ಕಸುಬು. ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಹರಿದ ಹಾಸಿಗೆಗಳನ್ನು ಹಗ್ಗದಿಂದ ಹೊಲಿದು ಹಾಸಿಕೊಂಡು, ವಾರಕ್ಕೆ ಮೂರು ಸಂಜೆ ಕಲಿಸುತ್ತಾನೆ. ಗೋಡೆಯ ಮೇಲೆ ಗುರುವಿನ ಫೋಟೋ ಇಲ್ಲ, ಚೌಕಟ್ಟು ಹಾಕಿದ ಕಾಗದವಿಲ್ಲ, ಯಾರಿಗೂ ಬೆಲ್ಟ್ ಇಲ್ಲ. "ಯಾರ ಹತ್ತಿರ ಕಲಿತಿರಿ?" ಎಂದು ಕೇಳಿದೆ. "ಸ್ವಲ್ಪ ಕುಸ್ತಿ, ಸ್ವಲ್ಪ ಬಾಕ್ಸಿಂಗ್ ಸಾರ್. ಕಲಿತಿದ್ದಕ್ಕಿಂತ ಏಟು ತಿಂದಿದ್ದೇ ಜಾಸ್ತಿ," ಅಂದ. ನಾನು ಬರೆದುಕೊಂಡೆ. ತಲೆ ಎತ್ತಿದರೆ, ಆ ಹಾಸಿಗೆಯ ಮೇಲೆ ಬೆವರು ಸುರಿಸಿಕೊಂಡು ನಿಂತಿದ್ದವಳು ನನ್ನ ತಂಗಿ.

ನನ್ನ ತಂಗಿಯನ್ನು ಹಿರಿಯ ವಿದ್ಯಾರ್ಥಿಗಳು ಬಲ್ಲಿರಿ. ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ ಅವಳದು. ಒಂಬತ್ತು ವರ್ಷ ನನ್ನ ತರಗತಿಯ ಮೊದಲ ಸಾಲಿನಲ್ಲಿ ನಿಂತವಳು. ಎರಡು ವರ್ಷದ ಹಿಂದೆ ಬಿಟ್ಟಳು. ಮಂಡಿ ನೋವು ಅಂದಳು, ನಾನು ನಂಬಿದೆ. ಈಗ ಅವಳು ಸರ್ಟಿಫಿಕೇಟೇ ಇಲ್ಲದ ಲಿಫ್ಟಿನವನ ಹತ್ತಿರ! ನನಗೆ ಮೈಯೆಲ್ಲಾ ಉರಿದುಹೋಯಿತು. ಅವತ್ತೇ, ಆ ಮೆಟ್ಟಿಲ ಮೇಲೆ ನಿಂತೇ, ವರದಿಯಲ್ಲಿ 'ಅನರ್ಹ' ಎಂದು ಬರೆದೆ. ಅಲ್ಲಿ ಕಲಿಸುವುದನ್ನು ಐದು ನಿಮಿಷವೂ ನಿಂತು ನೋಡಿರಲಿಲ್ಲ.

ಕ್ಷಮಿಸಿ, ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, 'ಸಮಯ' ಅಂತ. ಸ್ವಾಮಿ, ಇನ್ನೊಂದೆರಡು ನಿಮಿಷ ಕೊಡಿ.

ಮಕ್ಕಳೇ, ಅಭ್ಯಾಸದಲ್ಲಿ ಜೊತೆಗಾರ ಕುತ್ತಿಗೆ ಹಿಡಿದಾಗ, ನೋವಾದರೆ ಏನು ಮಾಡಬೇಕು? ಹೌದು, ಅವನ ತೋಳಿನ ಮೇಲೆ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಅವನು ಬಿಡಬೇಕು. ಮೊದಲ ದಿನ ಕಲಿಸುವ ಪಾಠ. ಹಿಡಿತ ಕಲಿಸುವ ಎಲ್ಲ ಶೈಲಿಯವರೂ ಕಲಿಸುತ್ತೇವೆ, ಇದರಲ್ಲಿ ಮಾತ್ರ ನಮ್ಮೊಳಗೆ ಜಗಳವಿಲ್ಲ.

ಅವತ್ತು ತಂಗಿ ನನ್ನ ಹಿಂದೆಯೇ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು. ಎರಡು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ, ಆಸ್ಪತ್ರೆಯ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ, ಹಿಂದಿನಿಂದ ಒಬ್ಬ ಅವಳ ಕುತ್ತಿಗೆಗೆ ತೋಳು ಹಾಕಿದನಂತೆ. "ಅಣ್ಣಾ, ನಾನು ತಟ್ಟಿದೆ ಕಣೋ," ಅಂದಳು. "ಎರಡು ಸಲ ತಟ್ಟಿ, ಬಿಡ್ತಾನೆ ಅಂತ ಕಾಯ್ತಾ ನಿಂತೆ."

ಅವನು ಯಾಕೆ ಬಿಡುತ್ತಾನೆ?

ಯಾವುದೋ ಕಾರು ಒಳಗೆ ಬಂತು, ಅವನು ಓಡಿಹೋದ. ಅವಳು ಉಳಿದಳು. ತಿಂಗಳುಗಟ್ಟಲೆ ಅವಳ ದನಿ ಒಡೆದಿತ್ತು. ಗಂಟಲು ನೋವು ಅಂದಳು. ಬಾಯಿ ಮುಕ್ಕಳಿಸಲು ಉಪ್ಪು ಹಾಕಿದ ಬಿಸಿನೀರು ತಂದುಕೊಟ್ಟವನು ನಾನೇ. ದಿನಾ ಕೊರಳಿಗೆ ಬಟ್ಟೆ ಸುತ್ತಿಕೊಂಡು ಎದುರಿಗೆ ಕೂತವಳನ್ನು, ಮೂವತ್ತು ವರ್ಷ ಕುತ್ತಿಗೆಯ ಹಿಡಿತ ಕಲಿಸಿದ ನಾನು, ಒಂದು ಮಾತು ಕೇಳಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ನೀನು ಸರಿಯಾಗಿ ಮಾಡಿರಲ್ಲ. ಕಾಲು ಎಲ್ಲಿಟ್ಟಿದ್ದೆ?" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನನ್ನ ತಂಗಿಯ ಕಾಲೇ ಡೊಂಕು ಅಂದೆ. ಅವಳು ಬಾಗಿಲಿನಿಂದಲೇ ತಿರುಗಿ ಹೊರಟುಹೋದಳು.

ಮರುದಿನ ನೆಲಮಾಳಿಗೆಗೆ ಮತ್ತೆ ಹೋಗಿ, ಈ ಸಲ ಒಂದು ಗಂಟೆ ಕೂತು ನೋಡಿದೆ. ಅಲ್ಲಿ ಯಾರೂ ತಟ್ಟುವುದಿಲ್ಲ. ಪಕ್ಕದಲ್ಲಿ ಮೂರನೆಯವರೊಬ್ಬರು ಸೀಟಿ ಹಿಡಿದು ನಿಂತು, ಹಿಡಿತಕ್ಕೆ ಸಿಕ್ಕವರ ಮುಖವನ್ನೇ ನೋಡುತ್ತಿರುತ್ತಾರೆ. ಅಪಾಯ ಅನಿಸಿದರೆ ಅವರು ಊದುತ್ತಾರೆ, ಆಗ ಬಿಡಬೇಕು. ಹಿಡಿತದಲ್ಲಿರುವವರ ಕೆಲಸ ಒಂದೇ, ಬಿಡಿಸಿಕೊಳ್ಳುವುದು. "ಈ ಉಪಾಯ ಎಲ್ಲಿಂದ ಬಂತಪ್ಪಾ?" ಎಂದು ಕೇಳಿದೆ. "ನಿಮ್ಮ ತಂಗಿಯವರು ಬಂದ್ಮೇಲೆ ಯೋಚನೆ ಮಾಡಿದ್ದು ಸಾರ್," ಅಂದ. ನನಗೆ ಅಲ್ಲಿ ಕೂರಲಾಗಲಿಲ್ಲ, ನಾಚಿಕೆಯಾಯಿತು.

ಇನ್ನು ಪ್ರಮಾಣಪತ್ರದ ವಿಷಯ. ನಾನೇ ಬರೆದ ನಾಲ್ಕನೆಯ ನಿಯಮ, ಪರೀಕ್ಷೆ ಕೊಡದೆ ಪಡೆದ ಪ್ರಮಾಣಪತ್ರ ಅಸಿಂಧು ಎನ್ನುತ್ತದೆ. ಕಪ್ಪು ಬೆಲ್ಟಿನಲ್ಲಿ ನನ್ನ ಐದನೆಯ ದರ್ಜೆಯ ಪರೀಕ್ಷೆಯ ದಿನ ನನಗೆ ವಿಪರೀತ ಜ್ವರ. ನಾನು ಹೋಗಲೇ ಇಲ್ಲ. ತಿಂಗಳ ನಂತರ ಕಾಗದ ಅಂಚೆಯಲ್ಲಿ ಬಂತು, ಪಾಸು. ಯಾರದೋ ಕಣ್ತಪ್ಪು. ನಾನು ವಾಪಸು ಕಳಿಸಲಿಲ್ಲ. ಚೌಕಟ್ಟು ಹಾಕಿಸಿ ನೇತುಹಾಕಿದೆ. ಆ ಚೌಕಟ್ಟಿನ ಬಲದಿಂದಲೇ ಸಮಿತಿಯ ಕುರ್ಚಿಯಲ್ಲಿ ಕೂತೆ. ಅಧ್ಯಕ್ಷರೇ, ಹಾಗೆ ನೋಡಬೇಡಿ. ಸಹಿ ಹಾಕುವ ಅರ್ಹತೆ ನನಗಿಲ್ಲ, ಹಾಕುವುದೂ ಇಲ್ಲ. ಬೇರೆ ಯಾರಾದರೂ ಹಾಕುವುದಾದರೆ, ಮೊದಲು ಆ ನೆಲಮಾಳಿಗೆಯಲ್ಲಿ ಒಂದು ಗಂಟೆ ಕೂತು ಬನ್ನಿ.

ನನ್ನ ತಂಗಿ ಇವತ್ತು ಬಂದಿದ್ದಾಳೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಿದ್ದಾಳೆ. ಹತ್ತು ದಿನದಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ಮನೆಯೊಳಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಇಲ್ಲಿ ಎಲ್ಲರೆದುರಿಗೆ ಹೇಳುತ್ತೇನೆ.

ನಿನ್ನ ಕಾಲು ಸರಿಯಾಗಿಯೇ ಇತ್ತು ಕಣಮ್ಮಾ. ನೀನು ಏನೂ ತಪ್ಪು ಮಾಡಲಿಲ್ಲ. ಒಂಬತ್ತು ವರ್ಷ ನಾನು ಕಲಿಸಿದ್ದನ್ನು, ಕಲಿಸಿದ ಹಾಗೆಯೇ ಮಾಡಿದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ತಮಗೆಲ್ಲ ಧನ್ಯವಾದಗಳು. ಫಲಕವನ್ನು ಮೇಜಿನ ಮೇಲೆಯೇ ಇಟ್ಟು ಹೋಗುತ್ತಿದ್ದೇನೆ. ನಮಸ್ಕಾರ.